ಸಬ್ಸಿಡಿ ಕೊಟ್ಟರೂ ಕೈ ಬಿಚ್ಚದ ಚೀನಾ

ಚೀನಾದ ಅಂಗಡಿಗಳಲ್ಲಿ ಸರಕಿಗೆ ಬರವಿಲ್ಲ. ಬೆಲೆಯೂ ಸುಡುತ್ತಿಲ್ಲ: 2023, 2024 ಎರಡೂ ವರ್ಷ ಗ್ರಾಹಕ ಬೆಲೆ ಏರಿದ್ದು ತಲಾ ಶೇ 0.2 ಮಾತ್ರ. ಆದರೂ 2024ರಲ್ಲಿ ಚಿಲ್ಲರೆ ಮಾರಾಟದ ಬೆಳವಣಿಗೆ ಶೇ 3.5ಕ್ಕೇ ನಿಂತಿತು.

1955ರಲ್ಲಿ ಬಂದ ಧಾನ್ಯದ ಪಡಿತರ ಕೂಪನ್ 1993ರವರೆಗೂ ಇತ್ತು. ಅದಾಗಿ ಹದಿನಾರೇ ವರ್ಷಕ್ಕೆ, 2009ರ ನವೆಂಬರ್ 11ರಂದು, ಆನ್‌ಲೈನ್ ಮಾರಾಟದ ಕಂಪನಿ ಅಲಿಬಾಬಾ ‘ಸಿಂಗಲ್ಸ್ ಡೇ’ (ಒಂಟಿಗರ ದಿನ) ರಿಯಾಯಿತಿ ಮಾರಾಟ ಶುರುಮಾಡಿತು. ಮೊದಲ ಸಲ ಸುಮಾರು 5 ಕೋಟಿ ಯುವಾನ್ ಇದ್ದ ವಹಿವಾಟು 2021ರಲ್ಲಿ 54,000 ಕೋಟಿ ದಾಟಿತು. (ಅಷ್ಟರಲ್ಲಿ ಒಂದು ದಿನದ ಮಾರಾಟ ಹನ್ನೊಂದು ದಿನಕ್ಕೆ ಹಿಗ್ಗಿತ್ತು ಅನ್ನಿ.) 2022ರಿಂದ ಕಂಪನಿ ಆ ಮೊತ್ತ ಹೇಳುವುದನ್ನೇ ಬಿಟ್ಟಿತು.

ಆ ಹೊತ್ತಿಗೆ ಎರಡು ಪೆಟ್ಟು ಬಿದ್ದಿದ್ದವು. ಚೀನೀ ಕುಟುಂಬಗಳ ಆಸ್ತಿಯಲ್ಲಿ ಸಿಂಹಪಾಲು ಮನೆ, ಫ್ಲ್ಯಾಟುಗಳದು. 2020ರಲ್ಲಿ ಬಿಲ್ಡರ್‌ಗಳ ಸಾಲಕ್ಕೆ ಮಿತಿ ಬಂತು, 2021ರ ಕೊನೆಗೆ ದೈತ್ಯ ಬಿಲ್ಡರ್ ಎವರ್‌ಗ್ರಾಂಡ್ ಸಾಲ ತೀರಿಸಲಾಗದೆ ಸುಸ್ತಿಯಾಯಿತು, ಮನೆಗಳ ಬೆಲೆ ಇಳಿಯಿತು. ಮರುವರ್ಷ ಶಾಂಘೈ ಲಾಕ್‌ಡೌನ್. 2022 ಒಂದೇ ವರ್ಷದಲ್ಲಿ ಕುಟುಂಬಗಳ ಬ್ಯಾಂಕ್ ಠೇವಣಿ 17.8 ಲಕ್ಷ ಕೋಟಿ ಯುವಾನ್ ಹೆಚ್ಚಿತು.

ಈ ಹಣವನ್ನು ಹೊರಗೆಳೆಯಲು ಬಂದದ್ದು ಹಳೆಯದು ಕೊಟ್ಟು ಹೊಸದು ಕೊಂಡರೆ ಸರ್ಕಾರ ಸಬ್ಸಿಡಿ ಕೊಡುವ ಯೋಜನೆ. 2025ಕ್ಕೆ ಇಟ್ಟ ಮೊತ್ತ 30,000 ಕೋಟಿ ಯುವಾನ್. ಆ್ಯಪ್‌ನಲ್ಲಿ ಗುರುತು ಖಚಿತಪಡಿಸಿ ಮೊದಲು ಕೂಪನ್ ಪಡೆಯಬೇಕು. ಬಿಲ್ ಆಗುವಾಗಲೇ ಬೆಲೆಯಲ್ಲಿ ರಿಯಾಯಿತಿ ಕಳೆಯುತ್ತಾರೆ. 2025ರಲ್ಲಿ ಗೃಹೋಪಕರಣಕ್ಕೆ ಶೇ 15, ಒಂದನೇ ದರ್ಜೆಯ ವಿದ್ಯುತ್ ಉಳಿತಾಯದ್ದಾದರೆ ಶೇ 20, ಮೇಲ್ಮಿತಿ 2,000 ಯುವಾನ್ ಇತ್ತು. ಅಂದರೆ 8,000 ಯುವಾನಿನ ಅಂಥ ಫ್ರಿಜ್ಜಿಗೆ 1,600 ಉಳಿತಾಯ. ಬೆಲೆ 10,000 ದಾಟಿದರೂ ರಿಯಾಯಿತಿ 2,000ಕ್ಕೇ ನಿಲ್ಲುತ್ತಿತ್ತು. ಫೋನಿಗೂ ಶೇ 15, ಆದರೆ 500 ಯುವಾನ್ ಮೀರುವಂತಿಲ್ಲ. ಹಾಗಾಗಿ 3,400ರ ಫೋನಿಗೂ 5,900ರ ಫೋನಿಗೂ ಸಿಗುವುದು ಅಷ್ಟೇ. 6,000 ಮೀರಿದರೆ ಬಿಡಿಗಾಸೂ ಇಲ್ಲ. ಜೂನಿನ ಆನ್‌ಲೈನ್ ರಿಯಾಯಿತಿ ಮಾರಾಟದ ಹೊತ್ತಿಗೆ ಐಫೋನ್ 16 ಪ್ರೊ ಕೂಡ ಈ ಗೆರೆಯೊಳಕ್ಕೆ ಇಳಿದದ್ದು ಸುಮ್ಮನೆ ಅಲ್ಲ.

2025ರ ಮೇ ತಿಂಗಳಲ್ಲಿ ಗೃಹೋಪಕರಣಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇ 53 ಏರಿತು. ಜೂನಿನಲ್ಲಿ ಕೆಲವು ಪ್ರಾಂತ್ಯಗಳಲ್ಲಿ ಕೋಟಾ ಖಾಲಿಯಾಗಿ ಕೂಪನ್ ನಿಂತಿತು, ಕೆಲವೆಡೆ ದಿನಕ್ಕಿಷ್ಟೇ ಎಂಬ ಮಿತಿ ಬಂತು. ಅಕ್ಟೋಬರಿನಲ್ಲಿ ಅದೇ ಮಾರಾಟ ಶೇ 14.6 ಕುಸಿಯಿತು. ಲೆಕ್ಕ ಸರಳ: ಮುಂದಿನ ವರ್ಷ ಕೊಳ್ಳಬೇಕಿದ್ದವರು ಈಗಲೇ ಕೊಂಡರು, ಫ್ರಿಜ್ಜನ್ನು ಯಾರೂ ವರ್ಷ ವರ್ಷ ಬದಲಿಸುವುದಿಲ್ಲ. ಹೋಲಿಕೆಯ ಹಿಂದಿನ ಅಕ್ಟೋಬರಿನಲ್ಲೂ ಸಬ್ಸಿಡಿ ಇದ್ದದ್ದರಿಂದ ಕುಸಿತ ಇನ್ನಷ್ಟು ದೊಡ್ಡದಾಗಿ ಕಂಡಿತು.

ಠೇವಣಿ ಮಾತ್ರ ಕರಗಲಿಲ್ಲ. ಅದು ಆಸ್ಪತ್ರೆಗೆ, ಮುಪ್ಪಿಗೆ ಎಂದು ಎತ್ತಿಟ್ಟ ದುಡ್ಡು. ಹಳ್ಳಿಯ ಮತ್ತು ನೌಕರಿಯಿಲ್ಲದ ವೃದ್ಧರ ಮೂಲ ಪಿಂಚಣಿಯ ಕನಿಷ್ಠ ಮೊತ್ತ 2025ರ ಏರಿಕೆಯ ಬಳಿಕವೂ ತಿಂಗಳಿಗೆ 143 ಯುವಾನ್ ಇತ್ತು. ಮೇಲೆ ಹೇಳಿದ ಫ್ರಿಜ್ಜಿನ ರಿಯಾಯಿತಿ ಅದರ ಹನ್ನೊಂದು ತಿಂಗಳ ಮೊತ್ತ. ಭಾರತದ ಜಿಡಿಪಿಯಲ್ಲಿ ಮನೆವಾರ್ತೆಯ ಖರ್ಚಿನ ಪಾಲು ಸುಮಾರು ಶೇ 60, ಚೀನಾದಲ್ಲಿ ಶೇ 40ರ ಆಸುಪಾಸು. ಮೂರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವ ನಿರ್ಧಾರ 2025ರಲ್ಲಿ ಬಂದದ್ದು ಸರಿಯಾದ ದಿಕ್ಕು, ತಡವಾದರೂ.

2026ಕ್ಕೆ ರಿಯಾಯಿತಿಯನ್ನು ಆರು ಬಗೆಯ ಉಪಕರಣಗಳಿಗೆ, ಒಂದನೇ ದರ್ಜೆಯವಕ್ಕೆ ಮಾತ್ರ ಸೀಮಿತಗೊಳಿಸಿ ಮೇಲ್ಮಿತಿಯನ್ನು 1,500 ಯುವಾನ್‌ಗೆ ಇಳಿಸಲಾಗಿದೆ. ಎರಡನೇ ದರ್ಜೆಯ ದಾಸ್ತಾನು ಹೊತ್ತ ಅಂಗಡಿಯವರು ಈ ಸಲ ತಮ್ಮ ಲಾಭದಿಂದಲೇ ರಿಯಾಯಿತಿ ಕೊಟ್ಟು ಅದನ್ನು ಸಾಗಹಾಕಬೇಕು.