ಸ್ಟಾರ್ ಕೊಟ್ಟಿರಿ, ಕಂಡದ್ದೇನು?

‘ಛಾಯಾಗ್ರಹಣ ಕಣ್ಣಿಗೆ ಹಬ್ಬ, ಹಿನ್ನೆಲೆ ಸಂಗೀತ ಕತೆಗೆ ಪೂರಕ, ದ್ವಿತೀಯಾರ್ಧ ಕೊಂಚ ಎಳೆದಂತಿದೆ, ಒಮ್ಮೆ ನೋಡಲಡ್ಡಿಯಿಲ್ಲ.’ ಚಿತ್ರಮಂದಿರದ ಹತ್ತಿರ ಸುಳಿಯದೆಯೂ ಇಷ್ಟನ್ನು ಬರೆಯಬಹುದು. ಹೊಸಬರು ಬರೆದ ಚಿತ್ರವಿಮರ್ಶೆಯ ಕಾಪಿ ತಿದ್ದುವಾಗ ನಾನು ಮೊದಲು ಹೊಡೆದುಹಾಕುವುದು ಇಂಥ ಸಾಲುಗಳನ್ನೇ. ಆಮೇಲೆ ಉಳಿಯುವುದು ಹೆಚ್ಚಾಗಿ ಕತೆಯ ಸಾರಾಂಶ ಮತ್ತು ಮೂರು ಸ್ಟಾರ್.

ತೀರ್ಪಿಗೇನು, ಪಕ್ಕದ ಸೀಟಿನವರು ಇಂಟರ್ವಲ್‌ಗೆ ಮೊದಲೇ ಕೊಟ್ಟಿರುತ್ತಾರೆ. ವಿಮರ್ಶಕ ಹೇಳಬೇಕಾದ್ದು ತೆರೆಯ ಮೇಲೆ ಏನಾಯಿತು, ಅದು ನಮ್ಮನ್ನು ಹೇಗೆ ತಟ್ಟಿತು ಎಂಬುದನ್ನು. ಫ್ರಾನ್ಸಿನ ಚಿತ್ರವಿಮರ್ಶಕ ಆಂದ್ರೆ ಬಾಜಿನ್ 1949ರಲ್ಲಿ, ಕಳುವಾದ ಸೈಕಲ್ ಹುಡುಕುತ್ತಾ ಅಪ್ಪ-ಮಗ ಊರೆಲ್ಲ ಅಲೆಯುವ ಇಟಲಿಯ ಚಿತ್ರ ‘ಬೈಸಿಕಲ್ ಥೀವ್ಸ್’ ಕುರಿತು ಬರೆದದ್ದನ್ನು ಓದಿ. ಚಿತ್ರದಲ್ಲಿನ ಬಡತನ, ನಿರುದ್ಯೋಗ ಯಾರ ಕಣ್ಣಿಗಾದರೂ ಬೀಳುವಂಥವು. ಬಾಜಿನ್ ಅವುಗಳ ಜೊತೆಗೆ ಹುಡುಗನ ನಡಿಗೆಯನ್ನೂ ಗಮನಿಸಿದರು. ನಿರ್ದೇಶಕ ಡಿ ಸಿಕಾ ಆ ಹುಡುಗನನ್ನು ಆರಿಸುವಾಗ ಪರೀಕ್ಷಿಸಿದ್ದು ನಟನೆಯನ್ನಲ್ಲ, ನಡಿಗೆಯನ್ನು ಎನ್ನುತ್ತಾರೆ ಬಾಜಿನ್. ಅಪ್ಪನ ದಾಪುಗಾಲು, ಪಕ್ಕದಲ್ಲಿ ಮಗನ ಪುಟುಪುಟು ಹೆಜ್ಜೆ. ಹೊಡೆತ ತಿಂದು ಮುನಿಸಿಕೊಂಡ ಹುಡುಗ ಹಿಂದೆ ಹಿಂದೆಯೇ ಉಳಿಯುತ್ತಾನೆ, ಇಬ್ಬರ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಇಷ್ಟು ಓದಿದವರು ಮತ್ತೆ ಚಿತ್ರ ನೋಡಿದರೆ ಅವರ ಕಣ್ಣು ಆ ಅಂತರವನ್ನೇ ಹುಡುಕುತ್ತದೆ.

ಅಂಕಿಯಿಂದ ಈ ಕೆಲಸ ಆಗುವುದಿಲ್ಲ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಶೇ 90 ಎಂದಿದ್ದರೆ ಅದು ಚಿತ್ರಕ್ಕೆ ಬಿದ್ದ ಅಂಕವಲ್ಲ, ಮೆಚ್ಚಿ ಬರೆದ ವಿಮರ್ಶಕರ ಪ್ರಮಾಣ. ನೂರರಲ್ಲಿ ತೊಂಬತ್ತು ಮಂದಿ ‘ಪರವಾಗಿಲ್ಲ’ ಎಂದರೂ ಅಷ್ಟೇ ಬರುತ್ತದೆ.

ಇನ್ನು ‘ಸಂಕಲನ ಸಡಿಲ’ ಎಂಬ ಮಾತು. ಸಂಕಲನಕಾರರ ಮೇಜಿಗೆ ಬಂದ ಶಾಟ್‌ಗಳು ಎಂಥವು, ಯಾವುದನ್ನು ಉಳಿಸಲೇಬೇಕೆಂದು ನಿರ್ಮಾಪಕರು ಹಟ ಹಿಡಿದರು ಎಂಬುದು ನಮಗೆ ಕಾಣುವುದಿಲ್ಲ. ಎಷ್ಟೋ ಸಲ ಸಡಿಲವಿರುವುದು ಚಿತ್ರಕಥೆ, ಬೈಗುಳ ಮಾತ್ರ ಸಂಕಲನಕ್ಕೆ. ನಾಯಕಿ ಬಾಗಿಲು ದಾಟಿ ಹೋದ ಮೇಲೂ ಕ್ಯಾಮೆರಾ ಖಾಲಿ ಕೋಣೆಯಲ್ಲೇ ನಿಂತಿತು, ಅಷ್ಟು ಹೊತ್ತಿಗೆ ದುಃಖ ಹೋಗಿ ಆಕಳಿಕೆ ಬಂತು ಎಂದು ಬರೆಯಿರಿ. ಒಪ್ಪದ ಓದುಗ ಆ ಶಾಟನ್ನೇ ಮುಂದಿಟ್ಟುಕೊಂಡು ಜಗಳಕ್ಕೆ ಬರಬಹುದು. ‘ಸಡಿಲ’ ಎಂದಷ್ಟೇ ಬರೆದರೆ ಆತ ಜಗಳ ತೆಗೆಯುವುದಾದರೂ ಯಾವುದರ ಮೇಲೆ?

ಬೆಳಗಿನ ಆಟ ನೋಡಿ ಮಧ್ಯಾಹ್ನದೊಳಗೆ ಕಾಪಿ ಕೊಡುವವರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುತ್ತಾರೆ. ಹಾಗಿದ್ದರೆ ಇಡೀ ಚಿತ್ರವನ್ನು ಒಂದೇ ಪುಟಕ್ಕೆ ತುರುಕುವ ಹಂಬಲ ಬಿಡಿ, ಒಂದು ದೃಶ್ಯವನ್ನು ಗಟ್ಟಿಯಾಗಿ ಹಿಡಿಯಿರಿ. ಹಾಡು, ಫೈಟು, ವೇಷಭೂಷಣಕ್ಕೆ ತಲಾ ಒಂದು ವಾಕ್ಯ ಹಂಚಲೇಬೇಕೆಂಬ ಕರಾರಿಗೆ ಯಾರೂ ಸಹಿ ಹಾಕಿಲ್ಲ.