ಐರೋಪ್ಯ ಒಕ್ಕೂಟದ ವ್ಯಾಪಾರ ಒಪ್ಪಂದ: ಸಹಿ ಯಾರದು, ಒಪ್ಪಿಗೆ ಯಾರದು?

2016ರ ಅಕ್ಟೋಬರ್. ಕೆನಡಾ ಜೊತೆಗಿನ ಐರೋಪ್ಯ ಒಕ್ಕೂಟದ ವ್ಯಾಪಾರ ಒಪ್ಪಂದ ಸೀಟಾ (CETA) ಸಹಿಗೆ ಸಿದ್ಧವಾಗಿತ್ತು. 2009ರಿಂದ ಮಾತುಕತೆ ನಡೆದಿತ್ತು. ಸಮಾರಂಭ 27ಕ್ಕೆ ಅಂತ ಗೊತ್ತಾಗಿತ್ತು. ಆಗ ಬೆಲ್ಜಿಯಂನ ವಲೂನಿಯಾ ಪ್ರಾಂತ್ಯ ಒಪ್ಪಲ್ಲ ಅಂದುಬಿಟ್ಟಿತು. ಸಮಾರಂಭ ನಿಂತಿತು. ಅದರ ಆತಂಕಗಳಿಗೆ ಉತ್ತರ ಬರೆದುಕೊಟ್ಟ ಮೇಲೆ 30ಕ್ಕೆ ಸಹಿ ಬಿತ್ತು.

28 ದೇಶಗಳ ಕೂಟವನ್ನು ಒಂದು ಪ್ರಾಂತ್ಯ ತಡೆದಿದ್ದು ಹೇಗೆ? ನಮ್ಮಲ್ಲಿ ವಿದೇಶಿ ಒಪ್ಪಂದ ಕೇಂದ್ರ ಪಟ್ಟಿಯ ವಿಷಯ. ಕರ್ನಾಟಕದ ವಿಧಾನಸಭೆ ಬೇಡ ಎಂದರೂ ಕೇಂದ್ರ ಸಹಿ ಹಾಕಬಹುದು. ಬೆಲ್ಜಿಯಂನಲ್ಲಿ ಹಾಗಿಲ್ಲ. ಪ್ರಾಂತ್ಯದ ಕೈಲಿರುವ ವಿಷಯ ಒಪ್ಪಂದದಲ್ಲಿದ್ದರೆ ಪ್ರಾಂತ್ಯವನ್ನೂ ಕೇಳಬೇಕು.

ಸರಿ, ಬೆಲ್ಜಿಯಂ ಸಹಿಯಾದರೂ ಯಾಕೆ ಬೇಕಿತ್ತು? ಪರೀಕ್ಷೆಯ ದೃಷ್ಟಿಯಿಂದ ಮುಖ್ಯ ಇರುವುದು ಇಲ್ಲೇ. ವ್ಯಾಪಾರ ನೀತಿ ಪೂರ್ತಿ ಒಕ್ಕೂಟದ ಕೈಲಿದೆ. ಅದರೊಳಗೆ ಏನೇನು ಬರುತ್ತದೆ ಎನ್ನುವುದನ್ನು ಒಕ್ಕೂಟದ ಕಾರ್ಯನಿರ್ವಹಣೆಯ ಮೂಲ ಒಪ್ಪಂದದ (TFEU) 207ನೇ ವಿಧಿ ಹೇಳುತ್ತದೆ: ಸರಕು, ಸೇವೆ, ಬೌದ್ಧಿಕ ಆಸ್ತಿಯ ವ್ಯಾಪಾರ ಸಂಬಂಧಿ ವಿಷಯಗಳು, ಜೊತೆಗೆ, ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿ 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಸೇರಿಸಿದ ನೇರ ವಿದೇಶಿ ಹೂಡಿಕೆ. ಇಷ್ಟೇ ಇದ್ದರೆ ಸಚಿವರ ಮಂಡಳಿ ಮತ್ತು ಐರೋಪ್ಯ ಸಂಸತ್ತು ಒಪ್ಪಿದರೆ ಸಾಕು. ಸದಸ್ಯ ದೇಶಗಳ ಅಧಿಕಾರದ ವಿಷಯ ಸೇರಿಕೊಂಡರೆ ಅದು ಮಿಶ್ರ ಒಪ್ಪಂದ. ಪ್ರತಿ ದೇಶವೂ ತನ್ನ ಪದ್ಧತಿಯಂತೆ ಅನುಮೋದಿಸಬೇಕು. ಸೀಟಾ ಹೋಗಿದ್ದು ಈ ದಾರಿಯಲ್ಲಿ.

ಗೆರೆ ಎಲ್ಲಿದೆ ಎಂದು ಎಳೆದು ತೋರಿಸಿದ್ದು ಒಕ್ಕೂಟದ ನ್ಯಾಯಾಲಯ, 2017ರ ಮೇ 16ರ ಅಭಿಪ್ರಾಯ 2/15ರಲ್ಲಿ. ವಿಷಯ ಸಿಂಗಾಪುರದ ಜೊತೆಗಿನ ಒಕ್ಕೂಟದ ವ್ಯಾಪಾರ ಒಪ್ಪಂದ. ನನಗೆ ತುಂಬಾ ಹಿಡಿಸಿದ ತೀರ್ಪು ಇದು, ಸಾಲು ಸಾಲಾಗಿ ಓದಿ. ಬಹುತೇಕ ಎಲ್ಲವೂ ಒಕ್ಕೂಟದ್ದೇ ಎಂದಿತು. ಕಾರ್ಮಿಕರು, ಪರಿಸರದ ಬಗೆಗಿನ ಅಧ್ಯಾಯ ಕೂಡ ವ್ಯಾಪಾರ ನೀತಿಯೊಳಗೇ ಬರುತ್ತದೆ ಎಂದಿತು. ಹೊರಗುಳಿದಿದ್ದು ಮುಖ್ಯವಾಗಿ ಎರಡು.

ಮೊದಲನೆಯದು ನೇರವಲ್ಲದ ಹೂಡಿಕೆ. ಸಿಂಗಾಪುರದ ಕಂಪನಿ ರಾಟರ್‌ಡ್ಯಾಮ್‌ನಲ್ಲಿ ಗೋದಾಮು ಕಟ್ಟಿ ತಾನೇ ನಡೆಸಿದರೆ ಅದು ನೇರ ಹೂಡಿಕೆ. ಸುಮ್ನೆ ಲಾಭಕ್ಕೆ ಅಂತ ಅಲ್ಲಿನ ಕಂಪನಿಯ ಒಂದಷ್ಟು ಷೇರು ಕೊಂಡರೆ, ಆಡಳಿತದಲ್ಲಿ ಕೈ ಇಲ್ಲ, ಅದು ಬೇರೆ. ಎರಡನೆಯದು ಹೂಡಿಕೆದಾರ ಮತ್ತು ಸರ್ಕಾರದ ನಡುವಿನ ವ್ಯಾಜ್ಯ. ಅದನ್ನು ದೇಶದ ಸ್ವಂತ ಕೋರ್ಟಿನಿಂದ ಹೊರಗೆ ಒಯ್ಯುವ ವ್ಯವಸ್ಥೆಯನ್ನು ಆ ದೇಶವನ್ನು ಕೇಳದೆ ಮಾಡೋಕಾಗಲ್ಲ ಅಲ್ವಾ? ನ್ಯಾಯಾಲಯದ ತರ್ಕವೂ ಅದೇ.

ಆಮೇಲೆ ಒಪ್ಪಂದದ ಆಕಾರವೇ ಬದಲಾಯಿತು. ಸಿಂಗಾಪುರದ್ದನ್ನು ಎರಡಾಗಿ ಕತ್ತರಿಸಿದರು. ವ್ಯಾಪಾರದ ಭಾಗ 2019ರ ನವೆಂಬರ್ 21ಕ್ಕೆ ಜಾರಿಯಾಯಿತು. ಹೂಡಿಕೆ ರಕ್ಷಣೆಯ ಭಾಗ ಪ್ರತಿ ದೇಶದ ಅನುಮೋದನೆಗೆ ಕಾಯಬೇಕಾಯಿತು. ವಿಯೆಟ್ನಾಂ ಜೊತೆಗೂ ಇದೇ ವಿಭಜನೆ, ವ್ಯಾಪಾರದ ಭಾಗ 2020ರ ಆಗಸ್ಟ್ 1ರಿಂದ. 2022ರ ಜೂನ್‌ನಲ್ಲಿ ಭಾರತದ ಜೊತೆ ಮಾತುಕತೆ ಮತ್ತೆ ಶುರುವಾದಾಗಲೂ ವ್ಯಾಪಾರ, ಹೂಡಿಕೆ ರಕ್ಷಣೆ, ಭೌಗೋಳಿಕ ಸೂಚಕ (ಜಿಐ) ಎಂದು ಮೂರು ಪ್ರತ್ಯೇಕ ಒಪ್ಪಂದಗಳನ್ನೇ ಎತ್ತಿಕೊಂಡರು.

ಸೀಟಾ ಕಥೆ ಇನ್ನೂ ಉಳಿದಿದೆ. ಅದರ ಬಹುಪಾಲು 2017ರ ಸೆಪ್ಟೆಂಬರ್ 21ರಿಂದ ತಾತ್ಕಾಲಿಕವಾಗಿ ಜಾರಿಯಲ್ಲಿದೆ. 2020ರ ಜುಲೈನಲ್ಲಿ ಸೈಪ್ರಸ್ ಸಂಸತ್ತು ಅದನ್ನು ತಿರಸ್ಕರಿಸಿತು. ತಮ್ಮ ಹಲ್ಲೂಮಿ ಚೀಸ್‌ನ ಹೆಸರಿಗೆ ರಕ್ಷಣೆ ಸಿಕ್ಕಿಲ್ಲ ಎಂಬುದು ಅಲ್ಲಿನವರ ದೊಡ್ಡ ದೂರು. ಆ ಮತದ ನಂತರವೂ ತಾತ್ಕಾಲಿಕ ಜಾರಿ ನಿಲ್ಲಲಿಲ್ಲ.