6.5 ಕ್ರೀಡ್‌ಮೂರ್ ಗೆದ್ದದ್ದೇಕೆ, .260 ರೆಮಿಂಗ್ಟನ್ ಹಿಂದೆ ಉಳಿದದ್ದೇಕೆ

ಮಧ್ಯಮ ವ್ಯಾಸದ ರೈಫಲ್ ತೋಟಾಗಳನ್ನು ಓದುವವರಿಗೆ ಮೊದಲು ಎದುರಾಗುವ ಒಗಟು ಇದು. 1997ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ .260 ತೋಟಾವೂ 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್ ತೋಟಾವೂ 6.71 ಮಿ.ಮೀ. ವ್ಯಾಸದ ಗುಂಡನ್ನೇ ಹಾರಿಸುತ್ತವೆ (6.5 ಎಂಬುದು ನಳಿಗೆಯೊಳಗಿನ ಸುರುಳಿ ಗೀರುಗಳ ದಿಬ್ಬದಿಂದ ದಿಬ್ಬಕ್ಕಿರುವ ಅಳತೆ). ಒಂದೇ ತೂಕದ ಗುಂಡಿಗೆ ಇವೆರಡೂ ಕೊಡುವ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರವೂ ಇಲ್ಲ. ಹೀಗಿದ್ದರೂ ಹತ್ತು ವರ್ಷ ಮೊದಲೇ ಬಂದದ್ದು ಮೂಲೆ ಸೇರಿತು, ತಡವಾಗಿ ಬಂದದ್ದು ಅಮೆರಿಕದ ಕೋವಿ ಮಾರುಕಟ್ಟೆಯನ್ನು ಆವರಿಸಿತು.

ಈ ವ್ಯಾಸದ ಗುಣವೇನು

.308 ವಿಂಚೆಸ್ಟರ್ 1952ರಿಂದ ಇರುವ ತೋಟಾ ಆದ್ದರಿಂದ ಹೋಲಿಕೆಗೆ ಅದನ್ನೇ ಇಟ್ಟುಕೊಳ್ಳುವುದು ರೂಢಿ. ಅದರ ಗುಂಡಿನ ವ್ಯಾಸ 7.82 ಮಿ.ಮೀ.; ಗುರಿ ಸ್ಪರ್ಧೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಗುಂಡಿನ ತೂಕ 168 ಗ್ರೇನ್, ಅಂದರೆ ಸುಮಾರು 10.9 ಗ್ರಾಂ. ಕ್ರೀಡ್‌ಮೂರ್‌ನ ಪ್ರಸಿದ್ಧ ಗುಂಡು 140 ಗ್ರೇನ್, ಸುಮಾರು 9.1 ಗ್ರಾಂ ಮಾತ್ರ. ಎರಡೂ ಸೆಕೆಂಡಿಗೆ 820 ಮೀಟರ್‌ನ ಆಸುಪಾಸಿನಲ್ಲಿ ಹೊರಡುತ್ತವೆ. ಆದರೆ ಸಣ್ಣ ಗುಂಡು ತನ್ನ ಅಗಲಕ್ಕೆ ಹೋಲಿಸಿದರೆ ಉದ್ದವೂ ಭಾರವೂ ಆಗಿರುವುದರಿಂದ ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ವೇಗವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೆ ಕಡಿಮೆ ಸರಿಯುತ್ತದೆ. ಹಗುರವಾದ ಗುಂಡಾದ್ದರಿಂದ ಕೋವಿ ಭುಜಕ್ಕೆ ಒದೆಯುವುದೂ ಕಡಿಮೆ. ಕಡಿಮೆ ಒದೆತಕ್ಕೆ ಹೆಚ್ಚು ದೂರದ ನಿಖರತೆ ಸಿಗುವುದೇ ಈ ವ್ಯಾಸದ ಮುಖ್ಯ ಲಾಭ. ಇದು ಹೊಸ ಶೋಧವೇನಲ್ಲ. 1890ರ ದಶಕದ 6.5×55 ಸ್ವೀಡಿಷ್ ತೋಟಾದಲ್ಲಿಯೇ ಈ ಗುಣವಿತ್ತು.

ಎಲ್ಲರೂ ಎಡವುವ ಹೆಜ್ಜೆ: ಉದ್ದದ ಲೆಕ್ಕ

ಕ್ರೀಡ್‌ಮೂರ್‌ನ ಹಿತ್ತಾಳೆ ಕೇಸು (ಮದ್ದು ತುಂಬಿ ಬಾಯಿಗೆ ಗುಂಡು ಕೂರಿಸುವ ಕೊಳವೆ) .260ರದಕ್ಕಿಂತ ಗಿಡ್ಡ. ಗಿಡ್ಡ ಕೇಸಿನಲ್ಲಿ ಮದ್ದು ಕಡಿಮೆ ಹಿಡಿಯುವುದರಿಂದ ಅದು ದೌರ್ಬಲ್ಯವಾಗಬೇಕಿತ್ತಲ್ಲ ಎಂಬ ಸಂಶಯ ಬರುವುದು ಸಹಜ. ಉತ್ತರ ಸಿಗಬೇಕಾದರೆ ಕೇಸನ್ನು ಬಿಟ್ಟು, ತೋಟಾಗಳನ್ನು ತುಂಬಿಡುವ ಮ್ಯಾಗಜಿನ್‌ನಿಂದ ಲೆಕ್ಕ ಶುರು ಮಾಡಬೇಕು. ಗಿಡ್ಡ ಬೋಲ್ಟಿನ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗ) ರೈಫಲ್‌ಗಳ ಮ್ಯಾಗಜಿನ್ .308ರ ಅಳತೆಗೆ ಮಾಡಿದ್ದು. ಅದರೊಳಗೆ ಕೂರುವ ತೋಟಾದ ಒಟ್ಟು ಉದ್ದ 71 ಅಥವಾ 72 ಮಿ.ಮೀ.ಗಿಂತ ಹೆಚ್ಚು ಬೆಳೆಯುವಂತಿಲ್ಲ.

.260ರ ಕೇಸಿನ ಉದ್ದ 51.7 ಮಿ.ಮೀ., ತೋಟಾದ ನಿಗದಿತ ಗರಿಷ್ಠ ಉದ್ದ 71.1 ಮಿ.ಮೀ. ಹಾಗಾಗಿ ಕೇಸಿನ ಬಾಯಿಯಿಂದ ಹೊರಗೆ ಗುಂಡಿಗೆ ಉಳಿಯುವ ಜಾಗ 19.4 ಮಿ.ಮೀ. ಕ್ರೀಡ್‌ಮೂರ್‌ನ ಕೇಸು 48.8, ಒಟ್ಟು ಉದ್ದ 71.8, ಉಳಿಯುವ ಜಾಗ 23 ಮಿ.ಮೀ. ಈಗ ಸುಮಾರು 35 ಮಿ.ಮೀ. ಉದ್ದದ ಚೂಪು ಗುಂಡೊಂದನ್ನು ಎರಡರಲ್ಲೂ ಕೂರಿಸಿ ನೋಡೋಣ. ಕ್ರೀಡ್‌ಮೂರ್‌ನಲ್ಲಿ 12 ಮಿ.ಮೀ.ಯಷ್ಟು ಗುಂಡು ಒಳಗಿರುತ್ತದೆ; .260ರಲ್ಲಿ ಸುಮಾರು 15.6 ಮಿ.ಮೀ. ಒಳಗೆ ಹೋಗಬೇಕಾಗುತ್ತದೆ. ಹೀಗೆ ಆಳಕ್ಕೆ ಹೋದ ಗುಂಡು ಕೇಸಿನ ಕತ್ತನ್ನು ದಾಟಿ ಮದ್ದಿನ ಜಾಗವನ್ನೇ ತಿನ್ನುತ್ತದೆ, ಅಂದರೆ ಉದ್ದ ಕೇಸಿನಿಂದ ಗಳಿಸಿದ ಜಾಗ ಭಾಗಶಃ ಗುಂಡಿಗೇ ಖರ್ಚಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೇಸಿನ ಕತ್ತು ಗುಂಡಿನ ನೇರವಾದ ಮೈಯನ್ನು ಹಿಡಿಯಬೇಕೇ ಹೊರತು ಬಾಗಿದ ಮೂಗನ್ನಲ್ಲ. ಮೂಗು ಉದ್ದವಾದಷ್ಟೂ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಆದರೆ 19.4 ಮಿ.ಮೀ.ಗಿಂತ ಉದ್ದ ಮೂಗಿನ ಗುಂಡನ್ನು .260ರ ನಿಗದಿತ ಉದ್ದದೊಳಗೆ ಸರಿಯಾಗಿ ಹಿಡಿಸಲು ಆಗುವುದೇ ಇಲ್ಲ. ಕೇಸನ್ನು ಗಿಡ್ಡ ಮಾಡಿದ್ದು ಮೂಗಿಗೆ ಜಾಗ ಬಿಡಲೆಂದೇ ಎಂಬುದು ಇಷ್ಟಾದ ಮೇಲೆ ಸ್ಪಷ್ಟವಾಗುತ್ತದೆ. ಯಾವುದೇ ಎರಡು ತೋಟಾಗಳನ್ನು ಹೋಲಿಸುವಾಗ ಒಟ್ಟು ಉದ್ದದಿಂದ ಕೇಸಿನ ಉದ್ದವನ್ನು ಕಳೆದು ನೋಡುವುದು ನಾನು ಬಿಡದೆ ಬಳಸುವ ಅಡ್ಡದಾರಿ. ಮದ್ದಿನ ಪ್ರಮಾಣದ ಕೋಷ್ಟಕಕ್ಕಿಂತ ಬೇಗ ಅದು ತೋಟಾದ ಉದ್ದೇಶವನ್ನು ತೋರಿಸಿಕೊಡುತ್ತದೆ.

ಸುರುಳಿಯ ವಿಷಯವೂ ಇದಕ್ಕೇ ಸೇರಿದ್ದು. ಉದ್ದ ಗುಂಡು ಓಲಾಡದೆ ಹಾರಬೇಕಾದರೆ ಬಿರುಸಾಗಿ ತಿರುಗಬೇಕು. ಕ್ರೀಡ್‌ಮೂರ್ ನಳಿಗೆಗಳಲ್ಲಿ ಮೊದಲಿನಿಂದಲೂ 8 ಅಂಗುಲಕ್ಕೆ ಒಂದು ಸುತ್ತಿನ ಸುರುಳಿ ರೂಢಿಯಾಯಿತು; .260ರ ಆರಂಭದ ಹಲವು ರೈಫಲ್‌ಗಳಲ್ಲಿ ಸುರುಳಿ ಅದಕ್ಕಿಂತ ನಿಧಾನವಾಗಿತ್ತು.

ಮಾರುಕಟ್ಟೆ

ತೋಟಾ, ನಳಿಗೆ, ಗುಂಡು ಮೂರನ್ನೂ ಒಂದು ವ್ಯವಸ್ಥೆಯಾಗಿ ಕೊಟ್ಟದ್ದರಲ್ಲಿಯೇ ಹಾರ್ನಡಿಯ ಜಾಣತನವಿದೆ. .260ರ ಪೂರ್ಣ ಲಾಭ ತೋಟಾವನ್ನು ಕೈಯಾರೆ ತುಂಬಿಕೊಳ್ಳಬಲ್ಲವರಿಗೆ ಮೀಸಲಾಗಿದ್ದರೆ, ಕ್ರೀಡ್‌ಮೂರ್ ಕೊಂಡವರಿಗೆ ಸ್ಪರ್ಧೆಗೆ ತಕ್ಕ ತೋಟಾ ಕಾರ್ಖಾನೆಯ ಪೆಟ್ಟಿಗೆಯಲ್ಲೇ ಸಿಗುತ್ತಿತ್ತು. ಕೋವಿ ತಯಾರಿಸುವ ರೂಗರ್ ಕಂಪನಿ 2015ರಲ್ಲಿ ತನ್ನ ಪ್ರಿಸಿಷನ್ ರೈಫಲನ್ನು ಈ ತೋಟಾಕ್ಕೂ ಹೊರತಂದದ್ದು ದೂರದ ಗುರಿಗಾರಿಕೆಯನ್ನು ಸಾಮಾನ್ಯ ಕೊಳ್ಳುಗರ ಹತ್ತಿರಕ್ಕೆ ತಂದಿತು. ಅಮೆರಿಕದ ವಿಶೇಷ ಕಾರ್ಯಾಚರಣೆ ಪಡೆಗಳು ಇದನ್ನು ಆಯ್ದುಕೊಂಡ ಮೇಲೆ ಹೆಸರು ಇನ್ನಷ್ಟು ಹರಡಿತು. ಒಮ್ಮೆ ಮಾರಾಟ ಏರಿದರೆ ಹೆಚ್ಚು ಕಂಪನಿಗಳು ತೋಟಾ ಮಾಡುತ್ತವೆ, ಬೆಲೆ ಇಳಿಯುತ್ತದೆ, ಆ ಬೆಲೆಯೇ ಮತ್ತಷ್ಟು ಕೊಳ್ಳುಗರನ್ನು ಕರೆಯುತ್ತದೆ. ಈ ಹಂತ ದಾಟಿದ ಮೇಲಿನ ಜನಪ್ರಿಯತೆಯನ್ನು ಗುಣದ ಪುರಾವೆಯೆಂದು ಓದಬಾರದು ಎಂಬುದು ನನ್ನ ಅಭಿಪ್ರಾಯ.

ಕೊರತೆಗಳನ್ನೂ ಬರೆದಿಟ್ಟುಕೊಳ್ಳಬೇಕು. ಕಿರಿದಾದ ನಳಿಗೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಮದ್ದು ಉರಿಯುವುದರಿಂದ .308ರ ನಳಿಗೆಗಿಂತ ಇದರ ನಳಿಗೆ ಬೇಗ ಸವೆಯುತ್ತದೆ. ಇನ್ನೂರು ಮುನ್ನೂರು ಗಜದೊಳಗೇ ಗುರಿ ಇಡುವವರಿಗೆ ಗಾಳಿ ಸೀಳುವ ಲಾಭ ಅಷ್ಟಾಗಿ ಕಾಣುವುದಿಲ್ಲ. ಅವರ ಪಾಲಿಗೆ ಉಳಿಯುವುದು ಒದೆತದ ಅಂತರ ಮಾತ್ರ.